ಇಡ್ಲಿ ಹಬೆ ಮತ್ತು ಕಾಂಪೌಂಡಿಗೆ ಇಳಿದ ಮೋಡ

ಕಳೆದ ವಾರ ನನ್ನ ಮೇಲೊಂದು ಆರೋಪ ಬಂತು. ನಾನು ಮಂಜು ತಯಾರಿಸುತ್ತಿದ್ದೇನಂತೆ.

ಕಾಂದಿವಲಿಯ ಒಂದು ಬಿಲ್ಡಿಂಗಿನ ಕೆಳಗೆ ನನ್ನ ಹೋಟೆಲು (ಸಿಕ್ಕವರಿಗೆಲ್ಲ ಅದನ್ನು ಹೇಳದೆ ಬಿಡುವವನಲ್ಲ ನಾನು). ಈಗ ಚಳಿಗಾಲ. ಮುಂಬೈ ಚಳಿ, ಅಂದರೆ ಸ್ವೆಟರಿಗೆ ಗಾಳಿಯಾಡಿಸುವಷ್ಟು. ಕೆಲವು ದಿನಗಳಿಂದ ಬೆಳಿಗ್ಗೆ ಕಾಂಪೌಂಡಿನ ತುಂಬ ಬಿಳಿ. ಗೇಟೂ ಕಾಣಿಸದು.

ಸೊಸೈಟಿಯ ಸೆಕ್ರೆಟರಿ ಮೂರ್ತಿಯವರು ಮೈಸೂರು ಕಡೆಯವರು, ಬ್ಯಾಂಕ್ ಕೆಲಸ. ಕೌಂಟರಿಗೆ ಬಂದು ನಿಂತರು.

“ಶೆಟ್ರೇ, ನಿಮ್ಮ ಇಡ್ಲಿ ಹಬೆ ಎಲ್ಲಾ ಕಾಂಪೌಂಡಲ್ಲೇ ಕೂತ್ಕೊಂಡಿದೆ. ಮೇಲಿನ ಮಹಡಿಯವ್ರಿಗೆ ಕೆಮ್ಮು. ಎಂಟು ಗಂಟೆ ಮೇಲೆ ಒಲೆ ಹಚ್ಕೊಳ್ಲಿ ಅಂತಿದಾರೆ ಕಮಿಟಿಯವ್ರು.”

ಎಂಟಕ್ಕೆ ಒಲೆ? ಲೋಕಲ್ ರೈಲು ಹಿಡಿಯುವವರು ಆರಕ್ಕೇ ಬರುತ್ತಾರೆ. ಬೆಳಗಿನ ಗಿರಾಕಿ ಹೋದರೆ ಹೋಟೆಲಿಗೆ ಬೀಗ ಹಾಕಿದಂತೆಯೇ.

“ಹಬೆ ಅಷ್ಟು ದೂರ ಹೋಗುದಿಲ್ಲ ಮಾರಾಯ್ರೆ,” ಎಂದೆ.

“ಹಾಗಾದ್ರೆ ಇದೇನು?”

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಈ ಊರಿಗೆ ಬಂದು, ದುಡಿದೇ ಹೋಟೆಲು ಕಟ್ಟಿದವನು ನಾನು. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ ಯಾಕೆ? ಕಾಲೇಜಿಗೆ ಹೋಗುವ ಮಗಳನ್ನು ಕೇಳಿದೆ.

“ಅದು ಮೋಡ, ಪಪ್ಪಾ. ಸಚ್ಚಿ. ಕೆಳಗಿನ ಮೋಡದಲ್ಲಿ ಟೈಪ್ಸ್ ಇದೆ. ಹತ್ತಿ ಹಾಗೆ ಗುಡ್ಡೆ ಇದ್ರೆ ಕ್ಯುಮುಲಸ್. ಚಾದರ ಹಾಗೆ ಇದ್ರೆ ಸ್ಟ್ರೇಟಸ್. ಚಾದರದಲ್ಲೇ ಗಂಟು ಗಂಟು ಇದ್ರೆ ಸ್ಟ್ರಾಟೊಕ್ಯುಮುಲಸ್. ಆ ಚಾದರ ನೆಲಕ್ಕೆ ತಾಗಿದ್ರೆ ಫಾಗ್. ಬಸ್, ಅಷ್ಟೇ.”

ರಾತ್ರಿ ಆಕಾಶ ಶುಭ್ರವಿದ್ದರೆ ನೆಲ ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದಂತೆ. ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿಯಲ್ಲಿ ಅಷ್ಟೊಂದು ಆವಿ ನಿಲ್ಲದು. ಒಂದೊಂದಾಗಿ ಕಣ್ಣಿಗೆ ಬೀಳದಷ್ಟು ಸಣ್ಣ ಹನಿಗಳಾಗಿ ತೇಲುತ್ತದೆ. ಗಾಳಿ ಜೋರಾಗಿ ಬೀಸದಿದ್ದರೆ ಅಲ್ಲೇ ಠಿಕಾಣಿ. ಅಂದರೆ ಇಷ್ಟು ದಿನ ನಾನು ಮೋಡದೊಳಗೆ ನಿಂತು ಚಟ್ನಿ ಬಡಿಸುತ್ತಿದ್ದೆನೇ?

ಬರಿಬಾಯಿಯಲ್ಲಿ ಹೇಳಿದರೆ ಕಮಿಟಿ ನಂಬುತ್ತದೆಯೇ? ಒಂದು ದಿನ ಬೆಳಿಗ್ಗೆ ಒಲೆಯನ್ನೇ ಹಚ್ಚುವುದಿಲ್ಲ ಎಂದು ತೀರ್ಮಾನಿಸಿದೆ. ನಮ್ಮಲ್ಲಿ ರಜೆಯ ದಿನವೂ ಒಲೆಗೆ ಕುಂಕುಮವಿಟ್ಟು ಒಂದಿಷ್ಟು ಹಾಲಾದರೂ ಕಾಯಿಸುತ್ತೇವೆ. ಹೆಂಡತಿ ಮುಖ ತಿರುಗಿಸಿದಳು.

“ಮೋಡಕ್ಕೋಸ್ಕರ ಒಲೆ ತಣ್ಣಗೆ ಇಡುದಾ? ನಿಮ್ಗೆ ಮಂಡೆ ಸಮ ಉಂಟಾ?”

ಬೆಳಿಗ್ಗೆ ಮೂರ್ತಿಯವರನ್ನು ಕೆಳಗೆ ಕರೆದೆ. ಒಲೆ ಮುಟ್ಟಿ ನೋಡಿದರು, ತಣ್ಣಗಿತ್ತು. ಹೊರಗೆ ಬಂದರೆ ಕಾಂಪೌಂಡು ಅಷ್ಟೇ ಬಿಳಿ. ಅವರ ಕನ್ನಡಕದ ಮೇಲೆಲ್ಲ ಹನಿ.

“ಇವತ್ತೂ ಇದೆಯಲ್ರೀ,” ಎಂದರು. ಆಮೇಲೆ, “ಹಚ್ಚಿ ಹೋಗಿ. ಕಾಫಿ ಇಲ್ದೆ ತಲೆ ನೋಯ್ತಿದೆ. ಕಮಿಟಿಗೆ ನಾನು ಹೇಳ್ಕೋತೀನಿ.”

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಮಗಳು ಹೇಳಿದ ಇನ್ನೊಂದು ಮಾತನ್ನೂ ಹೇಳಿದೆ: ಆ ಹನಿ ಕಟ್ಟಲು ಗಾಳಿಯಲ್ಲಿ ಧೂಳೋ ಹೊಗೆಯೋ ಬೇಕು, ಕೆಮ್ಮಿಗೆ ಕಾರಣವೂ ಅದೇ. ಅದರಲ್ಲಿ ನನ್ನ ವಡೆ ಎಣ್ಣೆಯದೂ ಪಾಲಿದೆ, ಅವರ ಕಾರಿನದೂ ಇದೆ.

“ಕಾರು ಯಾಕ್ರೀ ಮಧ್ಯೆ ಬಂತು?” ಎಂದರು ಮೂರ್ತಿ.

ಮೋಡವೇ ಇಳಿದು ಬಾಗಿಲಿಗೆ ಬಂದರೂ, ನಾವು ಮೊದಲು ಹುಡುಕುವುದು ತಪ್ಪು ಯಾರದ್ದು ಎಂದೇ?