ಮಾಳವ್ವ ಆಯಿ ಮತ್ತು ಅವಳ ಹೊಟ್ಟೆಯ ತೀರ್ಮಾನ

ಗಂಡ ನೇಯ್ದ ಕಂಬಳಿಯನ್ನು ಮಾಳವ್ವ ಆಯಿ ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದಳು. ಬೆಳಕು ತೂರಿಬಂದ ಕಡೆ ಬೆರಳಿಟ್ಟು, ಕೊಳ್ಳಲು ಬಂದವರ ಎದುರಿಗೇ "ಇದು ಒಂದ ಮಳಿಗಾಲ ತಾಳೂದಿಲ್ರಿ, ಬ್ಯಾರೇದ ತಗೋರಿ" ಅನ್ನುವಳು. ಗಂಡ ತಲೆ ಚಚ್ಚಿಕೊಳ್ಳುತ್ತಿದ್ದ. ದೊಡ್ಡವರಿಗೆ ಎದುರು ಮಾತಾಡುವುದನ್ನು ನಾನು ಕಲಿತದ್ದು ನಮ್ಮೂರು ಪಾಲಬಾವಿಯ ಈ ಪಕ್ಕದ ಮನೆಯವಳಿಂದಲೇ. ಅದಕ್ಕಾಗಿ ನಮ್ಮವ್ವ ನಮ್ಮಿಬ್ಬರನ್ನೂ ಬೈಯುತ್ತಿದ್ದಳು.

ಆಯಿಯದು ನಾಲ್ಕು ಹೆತ್ತ ಹೊಟ್ಟೆ. ಹೊಕ್ಕುಳ ಹತ್ತಿರ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಅದರ ಮೇಲೆ ಕಂಬಳಿಯ ಚೂರು ಮಡಚಿಟ್ಟು, ಸೀರೆ ಬಿಗಿದು ವರ್ಷಗಟ್ಟಲೆ ಓಡಾಡಿದಳು. ಊರವರ ಹರಿದ ಕಂಬಳಿಯನ್ನೆಲ್ಲ ಹೊಲಿದುಕೊಡುವವಳಿಗೆ ತನ್ನ ಹೊಟ್ಟೆಗೆ ಮಾತ್ರ ಕಟ್ಟು ಸಾಕೆಂಬ ಮೊಂಡುತನ. ನೋವು ಜೋರಾದ ಮೇಲೆ ಮಗ ಬೀರಪ್ಪ ಚಿಕ್ಕೋಡಿಯ ಆಸ್ಪತ್ರೆಗೆ ಕರೆದೊಯ್ದ. ನಾನೂ ಜೊತೆಗಿದ್ದೆ.

ಡಾಕ್ಟರು ಹರ್ನಿಯಾ ಅಂದರು. ಎರಡು ದಾರಿ ಹೇಳಿದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಹೊಕ್ಕುಳ ಬಳಿ ಕೊಯ್ದು, ಬಲೆಯಂಥ ಜಾಳಿ ಇಟ್ಟು ಹೊಲಿಯಬಹುದು. ಇಲ್ಲವೇ ಪೂರ್ತಿ ಮಂಪರು ಕೊಟ್ಟು, ಮೂರು ಸಣ್ಣ ತೂತು ಮಾಡಿ ದುರ್ಬೀನಿನಿಂದ ಒಳಗೇ ಜಾಳಿ ಕೂರಿಸಬಹುದು.

"ದುರ್ಬೀನ್ದss ಮಾಡ್ರಿ ಸಾಹೇಬ್ರ. ನಮ್ಮ ಬೀಗರಿಗೆ ಅದನ್ನ ಮಾಡ್ಯಾರ" ಎಂದ ಬೀರಪ್ಪ. ದಮ್ಮು, ಕೆಮ್ಮು ಏನಾದರೂ ಇದೆಯೇ ಎಂದು ಡಾಕ್ಟರು ಕೇಳಿದರೆ ಅದಕ್ಕೂ ಅವನೇ "ಏನೂ ಇಲ್ರಿ, ಗಟ್ಟಿ ಅದಾಳ" ಅಂದ. ಒಪ್ಪಿಗೆ ಕಾಗದಕ್ಕೆ ಸಹಿ ಮಾಡಲು ಪೆನ್ನೂ ತೆಗೆದ.

ಆಯಿ ಕಾಗದದ ಮೇಲೆ ಅಂಗೈ ಬಡಿದಳು. "ಹೊಟ್ಟಿ ಯಾರದಲೇ? ಕುರಿ ಮಾರುವಾಗ ಯಾರೂ ಕುರಿನ್ನ ಕೇಳೂದಿಲ್ಲ, ಖರೆ. ನಾ ಏನ ಕುರಿ ಅದೀನೇನ?" ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಕಂಬಳಿ ಉಣ್ಣಿ ಧೂಳ ಕುಡದು ಕುಡದು ಎದಿ ಕಟ್ಟೇತ್ರಿ. ಕುಂತss ನಿದ್ದಿ ಮಾಡತೀನಿ. ಇವಗ ಗೊತ್ತಿಲ್ಲ, ಇಂವ ಎಂದೂ ಕೇಳಿಲ್ಲ."

ಬೀರಪ್ಪ ತಲೆ ತಗ್ಗಿಸಿದ. ಗೋಡೆಯಾಚೆಯಿಂದ ಆ ಕೆಮ್ಮನ್ನು ದಿನಾ ಕೇಳುತ್ತಿದ್ದ ನಾನೂ ಒಂದು ಮಾತು ವಿಚಾರಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

ಡಾಕ್ಟರು ಎದೆ ಪರೀಕ್ಷಿಸಿದರು. "ಈ ಎದಿಗೆ ಪೂರ್ತಿ ಮಂಪರ ಕೊಡೂದು ಜೋಖಮ್ರಿ ಆಯಿ. ಮೊದಲ ಕೆಮ್ಮ ಇಳೀಲಿ, ಇಲ್ಲಂದ್ರ ಹೊಲಿಗಿ ನಿಲ್ಲೂದಿಲ್ಲ. ಆಮ್ಯಾಲ ಬೆನ್ನಿನ ಇಂಜೆಕ್ಷನ್ ಕೊಟ್ಟು ಮಾಡೂಣು. ನೀವೇನಂತೀರಿ?"

"ಜಾಳಿ ತೋರಸ್ರಿ."

ತಂದುಕೊಟ್ಟ ಜಾಳಿಯ ಚೂರನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿದಳು. "ತೂತಿನಕಿಂತ ಸುತ್ತಲೂ ದೊಡ್ಡದಿರಲಿ. ಅಂಚಿಗೆ ಅಂಚ ಹಚ್ಚಿದ ತ್ಯಾಪಿ ಕಿತ್ತ ಬರತೈತಿ." ತೇಪೆ ಹಾಕುವ ಈ ಲೆಕ್ಕವನ್ನೇ ತಾವೂ ಓದಿದ್ದು ಎಂದು ಡಾಕ್ಟರು ನಕ್ಕರು. "ಹಂಗಾರ ಕೊಯ್ದss ಮಾಡ್ರಿ" ಅಂದು ಆಯಿ ಮಗನ ಕೈಯಿಂದ ಪೆನ್ನು ಕಸಿದು, ಸೊಟ್ಟ ಅಕ್ಷರಗಳಲ್ಲಿ ತಾನೇ ಸಹಿ ಹಾಕಿದಳು.

ಕೆಮ್ಮು ಇಳಿದ ಮೇಲೆ ಆಪರೇಶನ್ ಆಯಿತು, ಹೊಲಿಗೆಯೂ ನಿಂತಿತು. ಹಳೇ ಕಾಲದ ಆಪರೇಶನ್ ಯಾಕೆ ಮಾಡಿಸಿಕೊಂಡೆ ಎಂದು ಓಣಿಯವರು ಚುಡಾಯಿಸಿದರೆ, "ನಾನss ಹೇಳಿ ಮಾಡಿಸೇನಿ, ಏನೀಗ?" ಎಂದು ಸೆರಗು ಸಿಗಿಸಿ ನಿಲ್ಲುತ್ತಿದ್ದಳು.

ಹೋದ ಚಳಿಗಾಲ ಅವಳ ಎದೆ ಕೈಕೊಟ್ಟಿತು. ಆಯಿ ಈಗ ಇಲ್ಲ. ಕೊನೆಯ ಸಲ ನಾನವಳನ್ನು ಕಂಡದ್ದು ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ. ಜೊತೆಗೆ ನಮ್ಮ ಓಣಿಯ ಸೊಸೆಯೊಬ್ಬಳು ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಆ ಸೊಸೆಯ ಗಂಡ ಆಸ್ಪತ್ರೆಯ ಫೈಲು ಹಿಡಿದು ಅವಸರ ಮಾಡುತ್ತಿದ್ದ.

"ಡಾಕ್ಟರ ಕೇಳಿದಾಗ ಗಂಡನ ಮಾರಿ ನೋಡಬ್ಯಾಡವಾ. ನಿನ್ನ ಬಾಯಿಲೆ ನೀ ಹೇಳು" ಅನ್ನುತ್ತ ಆಯಿ ಅವನ ಕೈಯಿಂದ ಫೈಲು ಕಿತ್ತುಕೊಂಡು, ಆ ಹುಡುಗಿಯ ಕೈಗೆ ಕೊಟ್ಟಳು.