ಕಾರಟಗಿಯ ವಾಷಿಂಗ್ ಮಷಿನ್ನಿನ ಹುಳಿ ವಾಸನೆ

2022ರ ಮಳೆಗಾಲದಲ್ಲಿ ನಾನು ಗಂಗಾವತಿಯ ಒಂದು ಸರ್ವಿಸ್ ಸೆಂಟರಿನಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಕನಕಗಿರಿ, ಕಾರಟಗಿ ಕಡೆಯ ವಾಷಿಂಗ್ ಮಷಿನ್ ದೂರುಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಮಳೆಗಾಲವೆಂದರೆ ನಮ್ಮ ಕಸುಬಿಗೆ ಸುಗ್ಗಿ. ಬಟ್ಟೆ ಒಣಗುವುದಿಲ್ಲ, ಮಷಿನ್ ನಾರುತ್ತದೆ, ಜನ ಫೋನ್ ಮಾಡುತ್ತಾರೆ. ನನ್ನ ಮೂಗಿನ ಬಗ್ಗೆ ನನಗೆ ಆಗ ಸ್ವಲ್ಪ ಜಂಬವೇ ಇತ್ತು. ಮಷಿನ್ನಿನ ಬಾಗಿಲು ತೆರೆದು ಒಮ್ಮೆ ಮೂಸಿದರೆ ಸಾಕು, ಇದು ಬೂಷ್ಟಿನ ವಾಸನೆ, ಇದು ನಿಂತ ನೀರಿನದು, ಇದು ಒಳಗೆ ಸಿಕ್ಕಿ ಸತ್ತ ಹಲ್ಲಿಯದು ಎಂದು ಹೇಳಿಬಿಡುತ್ತಿದ್ದೆ. ಮನೆಯಲ್ಲಿ ಹಾಲು ಉಕ್ಕಿ ಸೀದಾಗ ಮಾತ್ರ ಆ ಮೂಗು ಎಲ್ಲಿಗೆ ಹೋಗಿರುತ್ತದೆ ಎಂಬುದು ನನ್ನ ಹೆಂಡತಿಯ ಪ್ರಶ್ನೆ.

ಕಾರಟಗಿಯಿಂದ ಫೋನ್ ಮಾಡಿದವಳು ಸುಜಾತಾ. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಗಂಡ ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್, ಮಾವ ವಿರುಪಣ್ಣನವರದು ಭತ್ತದ ದಲಾಲಿ ಅಂಗಡಿ, ಅತ್ತೆ ಹುಲಿಗೆಮ್ಮ. ಸುಜಾತಾಳಿಗೆ ನೌಕರಿ ಸಿಕ್ಕ ಮೇಲೆ ಬೆಳಿಗ್ಗೆ ಬಟ್ಟೆ ಒಗೆಯಲು ಹೊತ್ತು ಸಾಲದೆಂದು ಮನೆಗೆ ಫ್ರಂಟ್ ಲೋಡ್ ಮಷಿನ್ ತಂದಿದ್ದರು, ಅಂದರೆ ಮುಂಭಾಗದಲ್ಲಿ ಗಾಜಿನ ಬಾಗಿಲಿರುವಂಥದ್ದು. ಒಂದೆರಡು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಒಗೆದ ಬಟ್ಟೆ ನಾರತೊಡಗಿತು.

ನಾನು ಹೋದಾಗ ನಡುಮನೆಯಲ್ಲಿ ಪಂಚಾಯಿತಿಯೇ ಕೂತಿತ್ತು. ಮಾತೆಲ್ಲ ಹುಲಿಗೆಮ್ಮನವರದು.

"ತಮ್ಮಾ, ಕೈಲೆ ಒಗದ್ರ ಬಟ್ಟಿ ಎಂದಾರ ನಾರತಾವೇನು? ಇದು ಬಂದಾಗಿಂದ ನಮ್ಮ ಮನಿ ಮರ್ಯಾದಿ ಹೋಗೇತಿ ನೋಡು."

ಮರ್ಯಾದೆ ಹೋದ ಕಥೆಯನ್ನೂ ಅವರೇ ಹೇಳಿದರು. ದಲಾಲಿ ಅಂಗಡಿಗೆ ಬಂದ ರೈತರು ಮೂಗು ಮುಚ್ಚಿಕೊಂಡು, ಇಲ್ಲೆಲ್ಲೋ ಇಲಿ ಸತ್ತಿದೆ ಎಂದರಂತೆ. ವಿರುಪಣ್ಣನವರು ಹಮಾಲರನ್ನು ಕರೆದು ಗೋದಾಮಿನ ಚೀಲಗಳನ್ನೆಲ್ಲ ಎತ್ತಿಸಿ ಹುಡುಕಿಸಿದರು. ಇಲಿ ಸಿಗಲಿಲ್ಲ. ಕೊನೆಗೆ ವಿರುಪಣ್ಣನವರೇ ಚಹಾ ಕುಡಿಯಲು ಹೊರಗೆ ಹೋದಾಗ ವಾಸನೆಯೂ ಅವರ ಹಿಂದೆಯೇ ಹೋಯಿತು. ಇಷ್ಟು ಹೇಳುವಷ್ಟರಲ್ಲಿ ನಾನು ನಗು ತಡೆಯಲಾಗದೆ ಕೆಮ್ಮಿದ ಹಾಗೆ ಮಾಡಿದೆ. ವಿರುಪಣ್ಣನವರು ಬೆಳ್ಳನೆಯ ಧೋತರದ ನೆರಿಗೆ ಸರಿಪಡಿಸಿಕೊಳ್ಳುತ್ತ ನೆಲ ನೋಡುತ್ತಿದ್ದರು.

"ಬರೋ ಸೋಮವಾರದ ತನಕ ನೋಡ್ತೀನಿ," ಎಂದು ಹುಲಿಗೆಮ್ಮ ತೀರ್ಪು ಕೊಟ್ಟರು. "ಆಮ್ಯಾಲ ಇದು ಅಂಗಡಿಗೆ ವಾಪಸ್, ಬಟ್ಟಿ ಒಗಿಯೋ ಕಲ್ಲಿಗೆ."

ಸುಜಾತಾ ಮಷಿನ್ ಇಟ್ಟಿದ್ದ ಬಚ್ಚಲಮನೆಗೆ ನನ್ನನ್ನು ಕರೆದೊಯ್ದ ಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಖಾಜಾಸಾಬ್ರ, ಅತ್ತಿಗೆ ಮೊಣಕಾಲು ಬ್ಯಾನಿ, ಕುಂತು ಒಗಿಯಾಕ ಆಗಂಗಿಲ್ಲ. ನಾನ ಒಗೀಬೇಕು. ಎಂಟಕ್ಕ ನನ್ನ ಡ್ಯೂಟಿ. ಈ ಮಷಿನ್ ಹೋದ್ರ ನನ್ನ ನೌಕರಿನೂ ಹೋದಂಗ ಐತ್ರಿ."

ಅಲ್ಲಿಯವರೆಗೆ ನನಗದು ಬರೀ ವಾಸನೆಯ ದೂರಾಗಿತ್ತು. ಆ ಮಾತು ಕೇಳಿದ ಮೇಲೆ ಅಂಗಿಯ ತೋಳು ಮೇಲೇರಿಸಿ ಕೆಲಸಕ್ಕಿಳಿದೆ.

ಫ್ರಂಟ್ ಲೋಡ್ ಮಷಿನ್ ನಾರುವುದಕ್ಕೆ ಮಾಮೂಲು ಜಾಗಗಳಿವೆ. ಮೊದಲನೆಯದು ಗ್ಯಾಸ್ಕೆಟ್, ಅಂದರೆ ಬಾಗಿಲ ಸುತ್ತಲಿನ ರಬ್ಬರ್. ಅದರ ಮಡಿಕೆಯಲ್ಲಿ ನೀರು ನಿಂತು ಕಪ್ಪು ಬೂಷ್ಟು ಹಿಡಿಯುತ್ತದೆ. ಇನ್ನೊಂದು ಕೆಳಮೂಲೆಯಲ್ಲಿರುವ ಫಿಲ್ಟರ್. ನೀರು ಹೊರಹೋಗುವಾಗ ಕಸವೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಫಿಲ್ಟರ್ ಬಿಚ್ಚಿದರೆ ಒಂದು ಹೇರ್‌ಪಿನ್ನು, ಜೊತೆಗೆ ಸುಜಾತಾಳ ಗಂಡನ ಮಿಲ್ ಬಟ್ಟೆಯಿಂದ ಬಂದ ತೌಡಿನ ಮುದ್ದೆ. ತೌಡಿನಲ್ಲಿ ಎಣ್ಣೆಯಂಶ ಇರುತ್ತದೆ, ಹಸಿಯಾಗಿದ್ದರೆ ಬೇಗ ಕೆಡುತ್ತದೆ. ಕಳ್ಳ ಸಿಕ್ಕ ಎಂದುಕೊಂಡೆ. ರಬ್ಬರ್ ಉಜ್ಜಿ, ಫಿಲ್ಟರ್ ತೊಳೆದು, ಬಟ್ಟೆ ಹಾಕದೆ ಬಿಸಿನೀರಲ್ಲಿ ಮಷಿನ್ ಓಡಿಸಿದೆ. ಇದಕ್ಕೆ ಟಬ್ ಕ್ಲೀನ್ ಎನ್ನುತ್ತೇವೆ. ಮಿಲ್ ಬಟ್ಟೆ ಕೊಡವಿ ಹಾಕಿರಿ, ಪೌಡರ್ ಕಡಿಮೆ ಬಳಸಿರಿ, ಒಗೆದಾದ ಮೇಲೆ ಬಾಗಿಲು ತೆರೆದಿಡಿರಿ ಎಂದು ಹೇಳಿದೆ.

ಪೌಡರ್ ಹಾಕುವ ಡ್ರಾಯರ್ ಎಳೆದು, ಇದರಲ್ಲಿ ಏನೇನು ಹಾಕುತ್ತೀರಿ ಎಂದು ಕೇಳಿದಾಗ, ಅಲ್ಲಿಗೆ ಬಂದು ನಿಂತಿದ್ದ ವಿರುಪಣ್ಣನವರು, "ಚಾ ತರ್ತೀನಿ ತಡೀರಿ ಸಾಬ್ರ," ಎಂದು ಹೊರಟರು. ಮನೆಯಲ್ಲಿ ಇಬ್ಬರು ಹೆಂಗಸರಿರುವಾಗ ಯಜಮಾನರೇ ಚಹಾ ತರಲು ಏಳುತ್ತಾರಲ್ಲ, ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಡ್ರಾಯರಿನಲ್ಲಿ ಮೂರು ಮನೆಗಳು, ಅಂದರೆ ಖಾನೆಗಳಿದ್ದವು. ಒಂದನ್ನು ಮಾತ್ರ ಬಳಸುತ್ತೇವೆ, ಉಳಿದವು ಖಾಲಿ ಎಂದಳು ಸುಜಾತಾ.

ಆ ಸಂಜೆ ಮಷಿನ್ ಮಲ್ಲಿಗೆಯಂತಿತ್ತು. ನಾನೂ ಮೀಸೆ ತಿರುವಿಕೊಂಡು ಗಂಗಾವತಿಗೆ ಬಂದೆ.

ನಾಲ್ಕೇ ದಿನಕ್ಕೆ ಮತ್ತೆ ಫೋನ್. ನಾನು ಹೇಳಿದ್ದೆಲ್ಲವನ್ನೂ ಆಕೆ ತಪ್ಪದೆ ಮಾಡಿದ್ದಳು, ಆದರೂ ವಾಸನೆ ವಾಪಸ್ ಬಂದಿತ್ತು. ಹುಲಿಗೆಮ್ಮನವರ ಗಡುವಿಗೆ ಉಳಿದಿದ್ದದ್ದು ಒಂದು ಭಾನುವಾರ. ರಜೆಯಾದರೂ ಬೈಕ್ ಏರಿದೆ. ಆಕೆಯ ನೌಕರಿಯ ಚಿಂತೆ ಒಂದು ಕಡೆ, ನನ್ನ ಮೂಗಿನ ಮಾನ ಇನ್ನೊಂದು ಕಡೆ.

ಬಾಗಿಲು ತೆರೆದು ಮೂಸಿದೆ. ಬೂಷ್ಟಲ್ಲ, ತೌಡೂ ಅಲ್ಲ. ಹುಳಿ ಹುಳಿ. ಎಲ್ಲೋ ಗೊತ್ತಿದ್ದ ವಾಸನೆಯೇ, ಆದರೆ ಹೆಸರು ಬಾಯಿಗೆ ಬರಲೊಲ್ಲದು. ಈ ಸಲ ಡ್ರಾಯರನ್ನು ಪೂರ್ತಿ ಹೊರಗೆಳೆದೆ. ಮೂರನೆಯ ಮನೆ ಸಾಫ್ಟ್‌ನರ್ ಎಂಬ ದ್ರಾವಣಕ್ಕೆ, ಬಟ್ಟೆ ಮೆತ್ತಗಾಗಿ ಘಮಘಮಿಸಲಿ ಎಂದು ಕೊನೆಯ ನೀರಿನಲ್ಲಿ ಬಿಡುವಂಥದ್ದು. ಅದಕ್ಕೊಂದು ಪುಟ್ಟ ಮುಚ್ಚಳವಿರುತ್ತದೆ. ಖಾಲಿ ಎಂದಿದ್ದ ಆ ಮನೆಯ ಮುಚ್ಚಳ ಕಿತ್ತರೆ ಕೆಳಗೆ ಬೆಳ್ಳನೆಯ ಅಂಟು. ಅಂಟಿನ ನಡುವೆ ಒಂದು ಅನ್ನದ ಅಗುಳು.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಸಾಕು ಅನ್ನುತ್ತಾರೆ. ನನಗೂ ಅಷ್ಟು ಸುಳಿವು ಸಾಕಾಯಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನಡುಮನೆಗೆ ಬಂದೆ.

ಹುಲಿಗೆಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಯ್ಯ ನಮ್ಮವ್ವ! ಅನ್ನ! ಮಷಿನ್ನಿಗೆ ಊಟಕ್ಕ ನೀಡಿದವರು ಯಾರು?"

ವಿರುಪಣ್ಣನವರು ಎದ್ದರು. "ಚಾ ತರ್ತೀನಿ ತಡೀರಿ..."

ಏಳುವಾಗ ಅವರ ಧೋತರ ಹೊಸ ನೋಟಿನ ಹಾಗೆ ಗರಿಗರಿ ಎಂದಿತು. ಆಗ ನನ್ನ ಬುದ್ಧಿಗೆ ಬೆಳಕು ಬಿತ್ತು.

"ಯಜಮಾನ್ರ, ಚಾ ಆಮ್ಯಾಲ ಕುಡಿಯೂಣು, ಕುಂದರ್ರಿ. ನಿಮ್ಮ ಧೋತರಕ್ಕ ಗಂಜಿ ಯಾರು ಹಾಕ್ತಾರ?"

ಅತ್ತೆ ಸೊಸೆಯನ್ನು ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು.

"ನೀ ಹಾಕ್ತಿ ಅಂತ ನಾ ತಿಳ್ಕೊಂಡಿದ್ದೆ," ಎಂದರು ಹುಲಿಗೆಮ್ಮ.

"ಇಲ್ರಿ ಅತ್ತಿ, ನೀವು ಹಾಕ್ತೀರಿ ಅಂತ ನಾನು..."

ಇಬ್ಬರೂ ಒಟ್ಟಿಗೆ ವಿರುಪಣ್ಣನವರ ಕಡೆ ತಿರುಗಿದರು. ದಲಾಲಿ ಅಂಗಡಿಯಲ್ಲಿ ನೂರು ಜನರ ಮುಂದೆ ಭತ್ತದ ದರ ಕೂಗುವ ಮನುಷ್ಯ, ಪಾಠ ಒಪ್ಪಿಸುವ ಸಾಲೆಯ ಹುಡುಗನ ಹಾಗೆ ಕೂತುಬಿಟ್ಟರು.

"ನಾನ ಹಾಕೀನಿ. ಆ ಹುಡುಗಿ ಮಷಿನ್ ಹಚ್ಚಿ ತುತ್ತು ನುಂಗಿ ಡ್ಯೂಟಿಗೆ ಓಡ್ತಾಳ. ನನ್ನ ಧೋತರಕ್ಕ ಬ್ಯಾರೆ ಗಂಜಿ ಹಾಕವ್ವಾ ಅಂತ ಯಾವ ಬಾಯಿಲೆ ಹೇಳ್ಲಿ? ನಿನಗ ಹೇಳಿದ್ರ ನಿನ್ನ ಮೊಣಕಾಲು. ಮಷಿನ್ ಇಳಿಸಾಕ ಬಂದ ಹುಡುಗ ಹೇಳಿದ್ನಲ್ಲ, ಕೊನಿಗೆ ಬಟ್ಟಿಗೆ ಏನರ ಹಾಕೋದಿದ್ರ ಈ ಮನಿಯಾಗ ಹಾಕ್ರಿ ಅಂತ. ಗಂಜಿನೂ ಕೊನಿಗೇ ಹಾಕೋದಲ್ಲೇನು? ನನ್ನ ಧೋತರ ಬ್ಯಾರೆ ಹಾಕಿದ ದಿನ, ಎಮ್ಮಿಗೆ ಬಸಿದಿಟ್ಟ ಗಂಜಿಯಾಗ ಒಂದು ಚರಿಗಿ ತಂದು ಸುಮ್ಮನ ಸುರುವುತಿದ್ದೆ. ಗಂಡಸು ಬಟ್ಟಿ ಕೆಲಸಕ್ಕ ನಿಂತಾನಂತ ನೀ ನಗತಿ ಅಂತ ಹೇಳಲಿಲ್ಲ."

ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ, "ಅದಕ್ಕ ಎಮ್ಮಿ ಹಾಲು ಕಡಿಮಿ ಆಗಿತ್ತೇನು!" ಎಂದು ನಕ್ಕರು ನೋಡಿ, ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಸುಜಾತಾ ನಗುತ್ತಲೇ ಇದ್ದವಳು ತಟ್ಟನೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ತನ್ನ ಓಟವನ್ನು ಆ ಮನೆಯಲ್ಲಿ ಯಾರೋ ದಿನಾ ನೋಡುತ್ತಿದ್ದಾರೆಂದು ಆಕೆಗೆ ಅಂದೇ ಗೊತ್ತಾದದ್ದು. ನನಗಂತೂ ಬಹಳ ಸಂತೋಷವಾಯಿತು.

ವಿರುಪಣ್ಣನವರ ಲೆಕ್ಕಾಚಾರ ತಪ್ಪಿದ್ದು ಒಂದೇ ಕಡೆ. ಆ ಮೂರನೆಯ ಮನೆಗೆ ಹಾಕಿದ್ದು ಕೊನೆಯ ನೀರಿನೊಂದಿಗೆ ಒಳಗಿಳಿಯುತ್ತದೆ, ಅದಾದ ಮೇಲೆ ತೊಳೆಯುವ ಕೆಲಸವೇ ಇಲ್ಲ. ಬಕೆಟ್ಟಿನಲ್ಲಿ ಗಂಜಿ ಅದ್ದಿ ಬಿಸಿಲಿಗೆ ಹಾಕಿದರೆ ಅದು ಒಣಗಿ ಗರಿಯಾಗುತ್ತದೆ. ಮಷಿನ್ನಿನಲ್ಲಾದರೆ ಡ್ರಮ್ಮಿನ ಹಿಂಭಾಗಕ್ಕೆ ಮೆತ್ತಿಕೊಂಡು, ಕತ್ತಲಲ್ಲಿ, ಹಸಿಯಲ್ಲಿ ಹಳಸುತ್ತದೆ. ಮರುದಿನದ ಬಟ್ಟೆಯೆಲ್ಲ ಆ ಹಳಸಿನಲ್ಲೇ ಹೊರಳುತ್ತದೆ. ಅಂದು ಮಧ್ಯಾಹ್ನವೆಲ್ಲ ಕೂತು ಡ್ರಮ್ ಬಿಚ್ಚಿದೆ. ಅದರ ಹಿಂದೆ ಅಂಬಲಿ ಗಡಿಗೆಯ ತಳದ ಹಾಗೆ ಬಿಳಿ ಪದರ ಕಟ್ಟಿತ್ತು. ಉಜ್ಜಿ ತೆಗೆದು, ಪೈಪುಗಳನ್ನು ತೊಳೆದು, ಎರಡು ಸಲ ಬಿಸಿನೀರು ಓಡಿಸಿದೆ. ಕೊನೆಗೆ ಒಂದು ಟವೆಲ್ ಒಗೆದು ಹುಲಿಗೆಮ್ಮನವರ ಕೈಗೆ ಕೊಟ್ಟೆ. ಅವರು ಮೂಸಿದರು, ತಿರುಗಿಸಿ ಮತ್ತೆ ಮೂಸಿದರು.

"ಇರಲಿ ಬಿಡು ಮಷಿನ್," ಎಂದರು. "ಪಾಪ, ಅದರದೇನೂ ತಪ್ಪಿಲ್ಲ. ಸುಜಾತಾ, ನೀ ನಾಳಿಂದ ಚಿಂತಿ ಇಲ್ಲದ ಡ್ಯೂಟಿಗೆ ಹೋಗು."

ದೀಪಾವಳಿ ಮುಗಿದ ಮೇಲೆ ಅದೇ ಓಣಿಯಲ್ಲಿ ಒಂದು ಫ್ರಿಜ್ ನೋಡಲು ಹೋಗಿದ್ದೆ. ವಿರುಪಣ್ಣನವರು ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಬಕೆಟ್ ಇಟ್ಟುಕೊಂಡು, ಧೋತರ ಮೇಲಕ್ಕೆ ಕಟ್ಟಿ, ಗಂಜಿ ಹಾಕುತ್ತಿದ್ದರು. ಹಗ್ಗದ ಮೇಲೆ ಹುಲಿಗೆಮ್ಮನವರ ಇಳಕಲ್ ಸೀರೆ. ಅದರ ಪಕ್ಕದಲ್ಲಿ ಸುಜಾತಾಳ ಬಿಳಿಯ ಲ್ಯಾಬ್ ಕೋಟು, ತೋಳು ಮಡಚದೆ ನೆಟ್ಟಗೆ ನಿಂತಿತ್ತು.

"ಇಡೀ ದವಾಖಾನಿಯಾಗ ಇಷ್ಟು ಗರಿಗರಿ ಕೋಟು ದೊಡ್ಡ ಡಾಕ್ಟರದ್ದೂ ಇಲ್ಲಂತ ಸಾಬ್ರ," ಎಂದರು ಅವರು ಕೈಗಂಟಿದ ಗಂಜಿ ಕೊಡವುತ್ತ.

ಆಮೇಲೂ ಎಷ್ಟೋ ಮಷಿನ್ ಬಿಚ್ಚಿದ್ದೇನೆ. ಈಗ ಮೂಗನ್ನು ಮೊದಲಿನಷ್ಟು ನಂಬುವುದಿಲ್ಲ. ಸ್ಕ್ರೂಡ್ರೈವರ್ ತೆಗೆಯುವ ಮುನ್ನ ಮನೆಯವರನ್ನೆಲ್ಲ ಕೂರಿಸಿ, ಈ ಮಷಿನ್ನನ್ನು ಯಾರ್‍ಯಾರು ಮುಟ್ಟುತ್ತೀರಿ ಎಂದು ಕೇಳುತ್ತೇನೆ. ಮನೆಗಳಲ್ಲಿ ಜನ ಬರೀ ತಪ್ಪನ್ನಲ್ಲ, ಒಳ್ಳೆಯತನವನ್ನೂ ಬಚ್ಚಿಡುತ್ತಾರೆ ಎಂದು ಈ ಕೆಲಸ ನನಗೆ ಕಲಿಸಿದೆ. ಹಾಗಾಗಿ ಆ ಪ್ರಶ್ನೆ ಕೇಳಿದ ಕೂಡಲೇ ಯಾರು ಚಹಾ ತರುತ್ತೇನೆಂದು ಏಳುತ್ತಾರೋ, ಅವರನ್ನು ಕೂರಿಸಿಕೊಂಡು ಮೊದಲು ಮಾತಾಡಿಸುತ್ತೇನೆ.