ತಿಳಿಸಿಯಾಗಿದೆ

ಡೊಂಬಿವ್ಲಿಯ ನಮ್ಮ ಕನ್ನಡ ಸಂಘಕ್ಕೆ ಅಧ್ಯಕ್ಷರು ಬಂದರು, ಹೋದರು. ತಿಳಿಸುವ ಖಾತೆ ಮಾತ್ರ ಹನ್ನೊಂದು ವರ್ಷ ವಸಂತಕುಮಾರರ ಕೈಯಲ್ಲೇ ಇತ್ತು. ರಬಾಳೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ಈ ಉಡುಪಿಯ ವೀರರು ಸಾವು, ಸೀಮಂತ, ಸಭೆ ಯಾವುದಿದ್ದರೂ ಸದಸ್ಯರಿಗೆಲ್ಲ ಸುದ್ದಿ ಮುಟ್ಟಿಸಬೇಕು. ಎಲ್ಲರಿಗೂ ಹೇಳಿದಿರಾ ಎಂದು ಕೇಳಿದರೆ ಎದೆಯುಬ್ಬಿಸಿ ಒಂದೇ ಮಾತು: "ತಿಳಿಸಿಯಾಗಿದೆ."

ಎದುರಿನವರಿಗೆ ಗೊತ್ತಾದರೆ ಮಾತ್ರ ತಿಳಿಸಿದಂತೆ ಎಂದು ನಾವು ನೀವು ನಂಬಿಕೊಂಡಿದ್ದೇವೆ. ವಸಂತಕುಮಾರರ ನಿಘಂಟು ಬಲು ಉದಾರ. ಎರಡು ರಿಂಗ್ ಹೋಗಿ ಕಟ್ಟಾದರೂ ತಿಳಿಸಿದಂತೆ. ಅವರ ಪಕ್ಕದ ಮನೆಯವರು ಲೋಕಲ್ ರೈಲುಗಾಡಿಯಲ್ಲಿ ಸಿಕ್ಕಿದರೂ ತಿಳಿಸಿದಂತೆ. ನಾಳೆ ಹೋಗಿ ಹೇಳೋಣವೆಂದು ಮನಸ್ಸು ಮಾಡಿದರೂ ಸಾಕು.

೨೦೦೮ರಲ್ಲಿ ಶಾಂತಮ್ಮ ಟೀಚರಿಗೆ ಸನ್ಮಾನವೆಂದು ನಿಗದಿಯಾಯಿತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಮೂವತ್ತು ವರ್ಷ ಅಕ್ಷರ ತಿದ್ದಿಸಿದ ಮೈಸೂರಿನ ಹೆಂಗಸು. ಅಷ್ಟರಲ್ಲಿ ಸಭಾಂಗಣದ ಚಾವಣಿ ಸೋರಿ, ಕಾರ್ಯಕ್ರಮ ಎರಡು ವಾರ ಮುಂದೆ ಹೋಯಿತು. ನಲವತ್ತು ಜನಕ್ಕೆ ಎಸ್ಸೆಮ್ಮೆಸ್ ಹೋಯಿತು. ಟೀಚರ ಬಳಿ ಮೊಬೈಲ್ ಇಲ್ಲ, ಮೊಮ್ಮಗಳ ನಂಬರು ಸಂಘದಲ್ಲಿಲ್ಲ, ಮನೆಯ ಫೋನ್ ಕೆಟ್ಟಿದೆ. ಖುದ್ದಾಗಿ ಅವರ ಮನೆಯಿರುವ ಸೀವುಡ್ಸಿಗೇ ಹೋಗಬೇಕು. ವೀರರು ಸಂಜೆ ರಬಾಳೆ ಸ್ಟೇಷನ್ನಿಗೆ ಹೊರಟದ್ದೂ ನಿಜ. ಆದರೆ ಮೊದಲು ಬಂದದ್ದು ಎದುರು ದಿಕ್ಕಿನ, ತಮ್ಮ ಮನೆಯ ಕಡೆಯ ಠಾಣೆ ಗಾಡಿ; ಅದರಲ್ಲಿ ಕಿಟಕಿಯ ಸೀಟು ಖಾಲಿ! ಋಷಿಮುನಿಗಳೂ ಜಾರುವ ಗಳಿಗೆ. ರಾತ್ರಿ ಅಧ್ಯಕ್ಷ ಪ್ರೇಮನಾಥರು ಕೇಳಿದಾಗ, "ತಿಳಿಸಿಯಾಗಿದೆ."

ಮೊದಲು ನಿಗದಿಯಾಗಿದ್ದ ಭಾನುವಾರ ಬೆಳಿಗ್ಗೆ ವಸಂತಕುಮಾರರು ಬಂಗುಡೆ ಚೀಲ ಹಿಡಿದು ಸಭಾಂಗಣದ ಮುಂದೆ ಹಾಯುತ್ತಾರೆ. ಬೀಗ ಹಾಕಿದ ಬಾಗಿಲ ಮೆಟ್ಟಿಲ ಮೇಲೆ ರೇಷ್ಮೆ ಸೀರೆಯುಟ್ಟ ಶಾಂತಮ್ಮ, ಪಕ್ಕದಲ್ಲಿ ಮೊಮ್ಮಗಳು ಅಪೇಕ್ಷಾ. ಹಳಿ ದುರಸ್ತಿಯ ಮೆಗಾ ಬ್ಲಾಕಿನಲ್ಲಿ ಎರಡು ಗಾಡಿ ಬದಲಿಸಿ ಬಂದ ಅವರ ಮುಡಿಯ ಮಲ್ಲಿಗೆ ಬಾಡಿತ್ತು. ವೀರರು ಕಬ್ಬಿನ ರಸ ಮಾರುವ ರಸವಂತಿಯವನ ತಳ್ಳುಗಾಡಿಯ ಹಿಂದೆ ಅಡಗಿದರು.

ಅಪೇಕ್ಷಾಳ ಮೊಬೈಲಿನಲ್ಲಿ ಪ್ರೇಮನಾಥರ ದನಿ ಬೀದಿಗೇ ಕೇಳುತ್ತಿತ್ತು: "ಮುಂದೆ ಹೋಗಿದೆಯಲ್ಲ ಟೀಚರ್! ವಸಂತಕುಮಾರ್ ನಿಮ್ಮ ಮನೆಗೆ ಬಂದಿದ್ರಲ್ಲ, ತಿಳಿಸಿಯಾಗಿದೆ ಅಂದ್ರು. ಮರ್ತಿರ್ಬೇಕು ನೀವು."

ಫೋನಿಟ್ಟ ಶಾಂತಮ್ಮನ ಮುಖ ಬಿಳಿಚಿತು. "ನಮ್ಮಕ್ಕನಿಗೂ ಹೀಗೇ ಶುರುವಾಗಿತ್ತು ಕಣೇ. ಆಮೇಲೆ ಮಕ್ಕಳ ಹೆಸರೂ ಮರೆತುಹೋಯ್ತು. ನಂಗೆ ಮನೆಗೆ ಬಂದು ಹೇಳಿದ್ದೂ ನೆನಪಿಲ್ವಲ್ಲ!"

"ಅಜ್ಜೀ, ಐಸಾ ಕುಛ್ ನಹೀ ಹೈ, ಹಾಗೇನಿಲ್ಲ," ಎಂದಳು ಹುಡುಗಿ.

ಬೈಗುಳಕ್ಕೆ ವಸಂತಕುಮಾರರು ತಯಾರಿದ್ದರು, ಇದಕ್ಕಲ್ಲ. ಕಾಲು ತಾನಾಗಿಯೇ ಹೊರಗೆ ಬಂತು. ಚೀಲದಿಂದ ಮೀನಿನ ನೀರು ಚಪ್ಪಲಿಗೆ ತೊಟ್ಟಿಕ್ಕುತ್ತಿತ್ತು.

"ಟೀಚರ್, ನೀವೆಂತದೂ ಮರೀಲಿಲ್ಲ. ನಾನು ಬರ್ಲೇ ಇಲ್ಲ. ಸೀಟು ಸಿಕ್ತು ಅಂತ ಮನೆಗೆ ಹೋದೆ."

"ಸೀಟ್ ಕೇ ಲಿಯೇ, ಅಂಕಲ್?" ಎಂದಳು ಅಪೇಕ್ಷಾ.

ಶಾಂತಮ್ಮನಿಗೆ ಮೊದಲು ನೆಮ್ಮದಿಯ ಉಸಿರು ಬಂತು, ಆಮೇಲೆ ಸಿಟ್ಟು. "ಮಗೂ, ಆ ಅಧ್ಯಕ್ಷರಿಗೆ ಮತ್ತೆ ಫೋನ್ ಮಾಡು. ಇವರ ಕೈಗೆ ಕೊಡು. ಹೇಳಿ ವಸಂತಕುಮಾರ್, ನಾನು ಕೇಳಿಸ್ಕೋಬೇಕು."

ಬೀದಿಯ ಅರ್ಧ ಜನ ನೋಡುತ್ತಿರುವಾಗ ಅವರು ಹೇಳಿದರು, ಪೂರ್ತಿ, ಕಿಟಕಿಯ ಸೀಟನ್ನೂ ಬಿಡದೆ. ಪ್ರೇಮನಾಥರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು.